ಐದು ವರ್ಷ ಯಾರದ್ದು?

ಭಾನುವಾರ ಬೆಂಗಳೂರಿನ ಸುಂಕದಕಟ್ಟೆಗೆ ಸ್ವಲ್ಪ ತಡವಾಗಿ ಬೆಳಗಾಗುತ್ತದೆ. ಪೀಣ್ಯದ ಕಡೆ ಹೊರಟ ಶಿಫ್ಟಿನ ಬೈಕುಗಳು ಕಡಿಮೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಬಸ್ಸಿಗೆ ಓಡುವುದಿಲ್ಲ. ಮಾಗಡಿ ರಸ್ತೆಯ ಮಟನ್ ಅಂಗಡಿಗಳ ಮುಂದೆ ಸಾಲು, ದರ್ಶಿನಿಗಳ ಮುಂದೆ ಬೈಟು ಕಾಫಿ. ಒಂದೇ ಪತ್ರಿಕೆ ಬಿಡಿಬಿಡಿಯಾಗಿ ನಾಲ್ಕು ಕೈಗಳಲ್ಲಿ ಹಂಚಿಹೋಗಿರುತ್ತದೆ. ಮುಖಪುಟ ಸಿಕ್ಕವರಿಂದ ಮಾತು ಶುರು.

‘ಇವರದ್ದು ಎಷ್ಟು ವರ್ಷ ಆಯ್ತಣ್ಣ?’ ‘ನೆಹರೂ ದಾಖಲೆ ಮುರೀತಾರಾ?’ ‘ನಮ್ಮ ಸಿಎಂ ಐದು ವರ್ಷ ಪೂರ್ತಿ ಮಾಡ್ತಾರೋ ಇಲ್ವೋ?’ ಕುಣಿಗಲ್, ಮಾಗಡಿ, ತುಮಕೂರು, ಹಾಸನ, ರಾಯಚೂರಿನಿಂದ ಬಂದು ಇಲ್ಲಿ ನೆಲೆ ನಿಂತವರಿಗೆ ರಾಜಕೀಯದ ಲೆಕ್ಕ ಬಾಯಿಪಾಠ. ಯಾರು ಯಾವಾಗ ಕುರ್ಚಿ ಏರಿದರು, ಯಾರು ಯಾರನ್ನು ಇಳಿಸಿದರು ಎಂಬುದಕ್ಕೆ ಪುಸ್ತಕ ಬೇಕಿಲ್ಲ.

ಆದರೆ ಈ ಮಾತುಗಳಲ್ಲೆಲ್ಲ ಒಂದು ನಂಬಿಕೆ ಸುಮ್ಮನೆ ಕೂತಿರುತ್ತದೆ: ನಾವು ಪ್ರಧಾನಿಗೋ ಮುಖ್ಯಮಂತ್ರಿಗೋ ಐದು ವರ್ಷ ಬರೆದುಕೊಟ್ಟಿದ್ದೇವೆ, ಅದನ್ನು ಅವರು ಮುಗಿಸಬೇಕು ಎಂದು. ಸಂವಿಧಾನ ಹಾಗೆ ಹೇಳುವುದಿಲ್ಲ. ನಾಯಕರೊಬ್ಬರು ಎಷ್ಟು ಕಾಲ ಅಧಿಕಾರದಲ್ಲಿದ್ದರು ಎಂಬ ಪ್ರಶ್ನೆಯ ಬೆನ್ನಿಗೇ, ಆ ಕಾಲವನ್ನು ಅವರಿಗೆ ಕೊಟ್ಟವರು ಯಾರು, ಹಿಂಪಡೆಯಬಲ್ಲವರು ಯಾರು ಎಂಬ ಪ್ರಶ್ನೆಯೂ ಇದೆ.

ಅವಧಿ ಸದನಕ್ಕೆ, ನಾಯಕರಿಗಲ್ಲ

ಸಂವಿಧಾನದ 83ನೇ ವಿಧಿ ಲೋಕಸಭೆಗೆ, 172ನೇ ವಿಧಿ ವಿಧಾನಸಭೆಗೆ ಐದು ವರ್ಷ ನಿಗದಿ ಮಾಡುತ್ತವೆ. ಪ್ರಧಾನಿಯ ಕುರಿತ 75ನೇ ವಿಧಿಯಲ್ಲಾಗಲಿ, ಮುಖ್ಯಮಂತ್ರಿಯ ಕುರಿತ 164ನೇ ವಿಧಿಯಲ್ಲಾಗಲಿ ಇಷ್ಟು ವರ್ಷ ಎಂಬ ಮಾತೇ ಇಲ್ಲ. ಅಲ್ಲಿರುವ ಮುಖ್ಯ ಷರತ್ತು ಇದು: ಮಂತ್ರಿಮಂಡಲ ಸದನಕ್ಕೆ ಸಾಮೂಹಿಕವಾಗಿ ಹೊಣೆಯಾಗಿರಬೇಕು. ಅಂದರೆ ಸದನದ ವಿಶ್ವಾಸ ಇರುವಷ್ಟು ದಿನ ಕುರ್ಚಿ.

ನಮ್ಮ ಬೀದಿಗಳಲ್ಲಿ ನಡೆಯುವ ಚೀಟಿ ವ್ಯವಹಾರವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಪ್ಪತ್ತು ತಿಂಗಳು ಎಂಬುದು ಚೀಟಿಯ ಅವಧಿ. ಅದನ್ನು ನಡೆಸುವವರು ಸದಸ್ಯರ ನಂಬಿಕೆ ಉಳಿಸಿಕೊಂಡಷ್ಟು ದಿನ ನಡೆಸುತ್ತಾರೆ.

ಹೀಗಾಗಿ ನಮ್ಮಲ್ಲಿ ಎರಡು ತುದಿಗಳೂ ಸಾಧ್ಯ. ಅಮೆರಿಕದಲ್ಲಿ 1951ರ 22ನೇ ತಿದ್ದುಪಡಿಯ ನಂತರ ಯಾರೂ ಎರಡಕ್ಕಿಂತ ಹೆಚ್ಚು ಬಾರಿ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಭಾರತದಲ್ಲಿ ಅಂಥ ಮಿತಿಯಿಲ್ಲ. ಗೆಲ್ಲುತ್ತ ಹೋದರೆ ಎಷ್ಟು ವರ್ಷವಾದರೂ ಇರಬಹುದು. ಹಾಗೆಯೇ ಎರಡೇ ದಿನದಲ್ಲಿ ಇಳಿಯಬೇಕಾಗಿಯೂ ಬರಬಹುದು.

ಇದು ಗೊತ್ತಿದ್ದೇ ಮಾಡಿದ ಆಯ್ಕೆ. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಂವಿಧಾನ ರಚನಾ ಸಭೆಯ ಮುಂದಿಟ್ಟ ಅಂಬೇಡ್ಕರ್, ಸ್ಥಿರತೆ ಮತ್ತು ಹೊಣೆಗಾರಿಕೆ ಎರಡನ್ನೂ ಸಮಾನವಾಗಿ ಕೊಡುವ ವ್ಯವಸ್ಥೆ ಇನ್ನೂ ಸಿಕ್ಕಿಲ್ಲ ಎಂದು ವಿವರಿಸಿದ್ದರು. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು. ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು, ಏಕೆಂದರೆ ಸರ್ಕಾರದ ಪರೀಕ್ಷೆ ಚುನಾವಣೆ ಬಂದಾಗ ಮಾತ್ರವಲ್ಲ, ಸದನದಲ್ಲಿ ದಿನದಿನವೂ ನಡೆಯುತ್ತದೆ. ಕರಡು ಈ ಎರಡನೆಯದನ್ನು ಆರಿಸಿಕೊಂಡಿತು.

ಸದನದ ಐದು ವರ್ಷವನ್ನೇ ಹಿಗ್ಗಿಸಿದ ಕಾಲವೂ ಇತ್ತು. ತುರ್ತು ಪರಿಸ್ಥಿತಿಯಲ್ಲಿ 42ನೇ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳ ಅವಧಿಯನ್ನು ಆರು ವರ್ಷಕ್ಕೆ ಏರಿಸಿತು. 1971ರಲ್ಲಿ ಆರಿಸಿದ ಲೋಕಸಭೆ 1977ರವರೆಗೆ ಉಳಿಯಿತು. ಜನತಾ ಸರ್ಕಾರ ತಂದ 44ನೇ ತಿದ್ದುಪಡಿ ಮತ್ತೆ ಐದು ವರ್ಷಕ್ಕೆ ಇಳಿಸಿತು.

ದಾಖಲೆ ಲೆಕ್ಕ ಹಾಕುವುದು ಹೇಗೆ?

ಜವಾಹರಲಾಲ್ ನೆಹರೂ 1947ರ ಆಗಸ್ಟ್ 15ರಿಂದ 1964ರ ಮೇ 27ರಂದು ತೀರಿಕೊಳ್ಳುವವರೆಗೆ ಪ್ರಧಾನಿಯಾಗಿದ್ದರು: 16 ವರ್ಷ 286 ದಿನ. ಆದರೆ ಮೊದಲ ಸಾರ್ವತ್ರಿಕ ಚುನಾವಣೆಯ ನಂತರದ ಲೋಕಸಭೆ ಬಂದದ್ದು 1952ರಲ್ಲಿ. ಮತ ಪಡೆದು ಆಳಿದ ಕಾಲ ಎಂದು ಎಣಿಸಿದರೆ ಅಂಕಿ ಬೇರೆಯಾಗುತ್ತದೆ.

ಇಂದಿರಾ ಗಾಂಧಿ 1966ರ ಜನವರಿ 24ರಿಂದ 1977ರ ಮಾರ್ಚ್ 24ರವರೆಗೆ ಸತತ 4,077 ದಿನ ಪ್ರಧಾನಿಯಾಗಿದ್ದರು. 1980ರ ಜನವರಿಯಲ್ಲಿ ಮರಳಿ ಬಂದು 1984ರ ಅಕ್ಟೋಬರ್ 31ರಂದು ಹತ್ಯೆಯಾಗುವವರೆಗೂ ಇದ್ದರು. ಎರಡನ್ನೂ ಕೂಡಿದರೆ ಹದಿನಾರು ವರ್ಷಕ್ಕೆ ಕೆಲವೇ ದಿನ ಕಡಿಮೆ. 2014ರ ಮೇ 26ರಂದು ಅಧಿಕಾರಕ್ಕೆ ಬಂದ ನರೇಂದ್ರ ಮೋದಿ 2025ರ ಜುಲೈ 25ರಂದು ‘ಇಂದಿರಾ ದಾಖಲೆ ದಾಟಿದರು’ ಎಂದಾಗ, ದಾಟಿದ್ದು ಸತತ ಅವಧಿಯನ್ನು, ಒಟ್ಟು ಅವಧಿಯನ್ನಲ್ಲ. ಪತ್ರಿಕೆಯಲ್ಲಿ ಇಂಥ ಸುದ್ದಿ ಕಂಡಾಗ ಮೊದಲು ಕೇಳಬೇಕಾದ್ದು ‘ಸತತವೋ, ಒಟ್ಟೋ?’ ಎಂದು.

ರಾಜ್ಯಗಳಿಗೆ ಬಂದರೆ ಅಂತರ ಇನ್ನೂ ದೊಡ್ಡದು. 1994ರ ಡಿಸೆಂಬರ್ 11ರಂದು ಎಚ್.ಡಿ. ದೇವೇಗೌಡರು ಕರ್ನಾಟಕದ ಮುಖ್ಯಮಂತ್ರಿಯಾದರು. ಮರುದಿನ ಸಿಕ್ಕಿಂನಲ್ಲಿ ಪವನ್ ಕುಮಾರ್ ಚಾಮ್ಲಿಂಗ್ ಪ್ರಮಾಣ ವಚನ ಸ್ವೀಕರಿಸಿದರು. ಚಾಮ್ಲಿಂಗ್ ಕುರ್ಚಿ ಬಿಟ್ಟದ್ದು 2019ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ವಿಧಾನಸೌಧ ಕಂಡದ್ದು ಒಂಬತ್ತು ಮಂದಿಯನ್ನು: ದೇವೇಗೌಡ, ಜೆ.ಎಚ್. ಪಟೇಲ್, ಎಸ್.ಎಂ. ಕೃಷ್ಣ, ಧರಂ ಸಿಂಗ್, ಎಚ್.ಡಿ. ಕುಮಾರಸ್ವಾಮಿ, ಬಿ.ಎಸ್. ಯಡಿಯೂರಪ್ಪ, ಡಿ.ವಿ. ಸದಾನಂದ ಗೌಡ, ಜಗದೀಶ ಶೆಟ್ಟರ್, ಸಿದ್ದರಾಮಯ್ಯ. ಇವರಲ್ಲಿ ಕೆಲವರು ಹೋಗಿ ಮತ್ತೆ ಬಂದವರು.

ಪೂರ್ಣಾವಧಿ ಎಂಬ ಅಪರೂಪ

1956ರ ನಂತರದ ಕರ್ನಾಟಕದಲ್ಲಿ ಒಂದೇ ಬೀಸಿಗೆ ಐದು ವರ್ಷ ದಾಟಿದವರು ಎಂದು ವಾಡಿಕೆಯಲ್ಲಿ ಹೇಳುವುದು ಮೂವರನ್ನೇ: ಎಸ್. ನಿಜಲಿಂಗಪ್ಪ, ಡಿ. ದೇವರಾಜ ಅರಸು, ಸಿದ್ದರಾಮಯ್ಯ.

ನಿಜಲಿಂಗಪ್ಪನವರ ದೀರ್ಘಾವಧಿಗೆ ಮೊದಲು ಒಂದು ಸಣ್ಣ ಅಧ್ಯಾಯವಿದೆ. 1962ರಲ್ಲಿ ಪಕ್ಷ ಗೆದ್ದರೂ ಅವರು ಹೊಸದುರ್ಗದಲ್ಲಿ ಸೋತರು. ಎಸ್.ಆರ್. ಕಂಠಿ ಮುಖ್ಯಮಂತ್ರಿಯಾದರು. ಬಾಗಲಕೋಟೆಯಿಂದ ನಿಜಲಿಂಗಪ್ಪ ಗೆದ್ದು ಬಂದೊಡನೆ, ಇನ್ನೂ ನೂರು ದಿನವೂ ತುಂಬದ ಕುರ್ಚಿಯನ್ನು ಕಂಠಿಯವರು ಬಿಟ್ಟುಕೊಟ್ಟರು.

ಇದಕ್ಕೆ ತಿರುಗುಮುರುಗಾದ ಉದಾಹರಣೆ ಯಡಿಯೂರಪ್ಪನವರದು. ನಾಲ್ಕು ಬಾರಿ ಪ್ರಮಾಣ ವಚನ ಸ್ವೀಕರಿಸಿದರೂ ಒಮ್ಮೆಯೂ ಪೂರ್ಣಾವಧಿ ಸಿಗಲಿಲ್ಲ. 2007ರಲ್ಲಿ ಸಿಕ್ಕಿದ್ದು ಒಂದು ವಾರ. 2018ರಲ್ಲಿ ಪ್ರಮಾಣ ಮೇ 17ಕ್ಕೆ, ರಾಜೀನಾಮೆ ಮೇ 19ಕ್ಕೆ.

ಅರಸು ಉಳಿದದ್ದು, ಅರಸು ಇಳಿದದ್ದು

ಅವಧಿಯ ಒಳಗುಟ್ಟನ್ನು ಹತ್ತಿರದಿಂದ ನೋಡಲು ದೇವರಾಜ ಅರಸರಿಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. 1972ರ ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದಾಗ 216 ಸ್ಥಾನಗಳ ಸದನದಲ್ಲಿ ಕಾಂಗ್ರೆಸ್ಸಿಗೆ 165 ಸ್ಥಾನಗಳಿದ್ದವು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕೂತವು. ಉಳುವವರು ಅರ್ಜಿ ಹಿಡಿದು ಒಡೆಯರ ಎದುರೇ ನಿಂತರು. ಎಲ್.ಜಿ. ಹಾವನೂರ ಆಯೋಗ 1975ರಲ್ಲಿ ಹಿಂದುಳಿದ ವರ್ಗಗಳ ವರದಿ ಕೊಟ್ಟಿತು.

ಇಷ್ಟು ದೊಡ್ಡ ಬದಲಾವಣೆಗೆ ಸಮಯ ಬೇಕಿತ್ತು, ಅವರಿಗೆ ಸಮಯ ಸಿಕ್ಕಿತು. ಕಾಯ್ದೆ ಬರೆದವರೇ ಅದರ ಜಾರಿಯನ್ನೂ ನೋಡುವಷ್ಟು ಕಾಲ ಇದ್ದರು. ದೀರ್ಘಾವಧಿಯ ನಿಜವಾದ ಬೆಲೆ ಇರುವುದು ಇಲ್ಲಿ.

ಇಳಿದ ಬಗೆ ಇನ್ನೊಂದು ಪಾಠ. 1977ರ ಡಿಸೆಂಬರ್ 31ಕ್ಕೆ ಅವರ ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು 1978ರ ಫೆಬ್ರುವರಿ 28ಕ್ಕೆ ಮರಳಿದರು. ಅದೇ ವರ್ಷ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. 1979ರಲ್ಲಿ ಇಂದಿರಾ–ಅರಸು ದಾರಿ ಬೇರೆಯಾಯಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗೆದ್ದದ್ದೇ ತಡ, ಅರಸರ ಶಾಸಕರು ಗುಂಪುಗುಂಪಾಗಿ ಅತ್ತ ಹೋದರು. ಜನವರಿ 12ಕ್ಕೆ ಆರ್. ಗುಂಡೂರಾವ್ ಮುಖ್ಯಮಂತ್ರಿ.

ಆಗ ಪಕ್ಷಾಂತರ ನಿಷೇಧ ಕಾಯ್ದೆ ಇರಲಿಲ್ಲ. ಅರಸರಿಗೆ ಮತ ಹಾಕಿದ ಜನರನ್ನು ಯಾರೂ ಮತ್ತೆ ಕೇಳಲಿಲ್ಲ. ಎರಡೂ ಅವಧಿ ಸೇರಿ ಏಳು ವರ್ಷ ಎಂಟು ತಿಂಗಳ ಹತ್ತಿರದ ಅವರ ದಾಖಲೆ ಬಹಳ ಕಾಲ ಉಳಿಯಿತು. ಸಿದ್ದರಾಮಯ್ಯ ಅದನ್ನು ದಾಟಿದ್ದು 2026ರ ಜನವರಿಯಲ್ಲಿ.

324 ದಿನಗಳ ಪ್ರಧಾನಿ

ಕಡಿಮೆ ದಿನ ಇದ್ದವರು ಏನೂ ಮಾಡಲಾರರು ಎಂಬ ಮಾತಿಗೆ ಕನ್ನಡ ನಾಡಿನಿಂದಲೇ ಉತ್ತರವಿದೆ. ದೇವೇಗೌಡರು 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದರು. ಸಂಯುಕ್ತ ರಂಗದ ಸರ್ಕಾರ ಕಾಂಗ್ರೆಸ್ಸಿನ ಬಾಹ್ಯ ಬೆಂಬಲದ ಮೇಲೆ ನಿಂತಿತ್ತು. 1997ರ ಮಾರ್ಚ್ ಕೊನೆಯಲ್ಲಿ ಕಾಂಗ್ರೆಸ್ ಬೆಂಬಲ ಹಿಂಪಡೆಯಿತು. ಏಪ್ರಿಲ್ 11ರಂದು ಸರ್ಕಾರ ಲೋಕಸಭೆಯಲ್ಲಿ ವಿಶ್ವಾಸಮತ ಸೋತಿತು.

ಆ 324 ದಿನಗಳಲ್ಲಿ ನಡೆದದ್ದನ್ನು ನೋಡಿ. 1996ರ ಸೆಪ್ಟೆಂಬರ್ 12ರಂದು ಮಹಿಳಾ ಮೀಸಲಾತಿ ಮಸೂದೆ ಮೊದಲ ಬಾರಿಗೆ ಲೋಕಸಭೆಗೆ ಬಂತು. ಅದು ಬೇರೆ ರೂಪದಲ್ಲಿ ಸಂವಿಧಾನ ಸೇರಿದ್ದು 2023ರಲ್ಲಿ. ಡಿಸೆಂಬರ್ 12ರಂದು ಬಾಂಗ್ಲಾದೇಶದ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಅವಧಿ 30 ವರ್ಷ. 1997ರ ಜನವರಿಯಲ್ಲಿ ಅಸ್ಸಾಮಿನ ಬೋಗಿಬೀಲ್ ಸೇತುವೆಗೆ ಅವರು ಅಡಿಗಲ್ಲು ಹಾಕಿದರು; ಅದರ ಉದ್ಘಾಟನೆ ನಡೆದದ್ದು 2018ರ ಡಿಸೆಂಬರ್‌ನಲ್ಲಿ.

ಒಂದು ವರ್ಷವೂ ತುಂಬದ ಪ್ರಧಾನಿಯ ಕಾಲದ ಕೆಲಸಗಳು ದಶಕಗಳ ಕಾಲ ನಡೆದವು. ಕುರ್ಚಿಯ ದಿನಕ್ಕೂ ಕೆಲಸದ ಆಯಸ್ಸಿಗೂ ನೇರ ಸಂಬಂಧವಿಲ್ಲ.

ಇಳಿಸುವ ಅಧಿಕಾರ ಯಾರದ್ದು?

ಈ ಪ್ರಶ್ನೆಗೆ ಇಡೀ ದೇಶಕ್ಕೆ ಉತ್ತರ ಸಿಕ್ಕಿದ್ದು ಕರ್ನಾಟಕದ ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲವಿಲ್ಲ ಎಂಬ 19 ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಅವರಲ್ಲಿ ಏಳು ಮಂದಿ ತಮ್ಮ ಬೆಂಬಲ ಬೊಮ್ಮಾಯಿಯವರಿಗೇ ಎಂದು ಮತ್ತೆ ಬರೆದುಕೊಟ್ಟರು. ಸದನ ಕರೆಯಿರಿ, ಅಲ್ಲೇ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಕೇಳಿಕೊಂಡರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ ಜಾಗ ಸದನ, ರಾಜಭವನ ಅಲ್ಲ. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಆದರೆ ಅಂದಿನಿಂದ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಅವರ ಹೆಸರಿನ ಪ್ರಕರಣವೇ ಆಧಾರ. 2018ರಲ್ಲಿ ರಾಜ್ಯಪಾಲರು ಯಡಿಯೂರಪ್ಪನವರಿಗೆ ಕೊಟ್ಟಿದ್ದ ಹದಿನೈದು ದಿನವನ್ನು ಕೋರ್ಟು ಮೊಟಕುಗೊಳಿಸಿ ಮರುದಿನವೇ ಬಹುಮತ ಸಾಬೀತಿಗೆ ಸೂಚಿಸಿದಾಗಲೂ ಹಿಂದೆ ಇದ್ದದ್ದು ಇದೇ ತತ್ವ.

1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಶಾಸಕರು ಅರಸರ ಕಾಲದಂತೆ ನೇರವಾಗಿ ಹಾರುವುದು ಕಷ್ಟವಾಯಿತು. ಆಗ ರಾಜೀನಾಮೆಯ ದಾರಿ ಹುಟ್ಟಿತು. ಅದನ್ನು ಅತಿ ಹತ್ತಿರದಿಂದ ಕಂಡವರು ಪಶ್ಚಿಮ ಬೆಂಗಳೂರಿನವರು. 2019ರಲ್ಲಿ ಕುಮಾರಸ್ವಾಮಿ ಸರ್ಕಾರ ಉರುಳಿದ ಪ್ರಕರಣದಲ್ಲಿ ಅನರ್ಹಗೊಂಡ 17 ಶಾಸಕರಲ್ಲಿ ಯಶವಂತಪುರದ ಎಸ್.ಟಿ. ಸೋಮಶೇಖರ್, ಮಹಾಲಕ್ಷ್ಮಿ ಲೇಔಟ್‌ನ ಕೆ. ಗೋಪಾಲಯ್ಯ, ರಾಜರಾಜೇಶ್ವರಿನಗರದ ಮುನಿರತ್ನ ಇದ್ದರು. ಸುಂಕದಕಟ್ಟೆಗೆ ಅಂಟಿಕೊಂಡ ಹೇರೋಹಳ್ಳಿ ಇರುವುದು ಯಶವಂತಪುರ ಕ್ಷೇತ್ರದಲ್ಲಿ.

ಜುಲೈ 23ರಂದು ವಿಶ್ವಾಸಮತ 99–105ರಿಂದ ಬಿತ್ತು. ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಯಶವಂತಪುರ ಮತ್ತು ಮಹಾಲಕ್ಷ್ಮಿ ಲೇಔಟ್‌ನ ಮತದಾರರು, ಮುಂದಿನ ನವೆಂಬರ್‌ನಲ್ಲಿ ರಾಜರಾಜೇಶ್ವರಿನಗರದವರು, ಪಕ್ಷ ಬದಲಿಸಿದ ಅದೇ ಅಭ್ಯರ್ಥಿಗಳನ್ನು ಗೆಲ್ಲಿಸಿದರು. ಹೀಗೆ ಒಬ್ಬ ಮುಖ್ಯಮಂತ್ರಿಯ ಅವಧಿ ಮುಗಿದದ್ದರಲ್ಲೂ ಇನ್ನೊಬ್ಬರ ಅವಧಿ ಭದ್ರವಾದದ್ದರಲ್ಲೂ ಈ ಭಾಗದ ಬೆರಳಿನ ಶಾಯಿ ಇತ್ತು.

ಕುರ್ಚಿ ಬದಲಾದರೆ ಕೆಲಸ ನಿಲ್ಲುತ್ತದೆಯೇ?

ನಿಲ್ಲುವುದೂ ಉಂಟು, ನಿಲ್ಲದಿರುವುದೂ ಉಂಟು. ನಮ್ಮ ಮೆಟ್ರೋಗೆ ಶಂಕುಸ್ಥಾಪನೆ ಆದದ್ದು 2006ರ ಜೂನ್‌ನಲ್ಲಿ. ಮೊದಲ ಹಂತ ಪೂರ್ತಿಯಾದದ್ದು 2017ರ ಜೂನ್‌ನಲ್ಲಿ. ಈ ಹನ್ನೊಂದು ವರ್ಷಗಳಲ್ಲಿ ಕುಮಾರಸ್ವಾಮಿ, ಯಡಿಯೂರಪ್ಪ, ಸದಾನಂದ ಗೌಡ, ಶೆಟ್ಟರ್, ಸಿದ್ದರಾಮಯ್ಯ ಹೀಗೆ ಐವರು ಮುಖ್ಯಮಂತ್ರಿಗಳು ಬಂದರು. ತಡವಾದರೂ ಕೆಲಸ ನಿಲ್ಲಲಿಲ್ಲ. ಏಕೆಂದರೆ ಅದನ್ನು ಹೊತ್ತದ್ದು ಪ್ರತ್ಯೇಕ ನಿಗಮ, ಬರೆದಿಟ್ಟ ಒಪ್ಪಂದ, ಕೇಂದ್ರ–ರಾಜ್ಯಗಳ ಪಾಲು.

ಈಗ ಮಾಗಡಿ ರಸ್ತೆಯ ಸರದಿ. ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆವರೆಗಿನ 12.5 ಕಿಲೋಮೀಟರ್ ಮಾರ್ಗಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸುಂಕದಕಟ್ಟೆಯಲ್ಲೂ ನಿಲ್ದಾಣ ಬರಲಿದೆ. ಇಂಥ ಕೆಲಸಕ್ಕೆ ಬೇಕಾದ್ದು ಒಬ್ಬರೇ ನಾಯಕರು ಹತ್ತು ವರ್ಷ ಇರುವುದಲ್ಲ. ನಾಯಕರು ಬದಲಾದರೂ ಬದಲಾಗದ ಗಟ್ಟಿ ಸಂಸ್ಥೆ.

ಯಾರೂ ಎಣಿಸದ ದಿನಗಳು

ಮೇಲಿನ ಕುರ್ಚಿಯ ಒಂದೊಂದು ದಿನವನ್ನೂ ಎಣಿಸುವ ನಾವು, ನಮ್ಮ ಮನೆಗೆ ತೀರ ಹತ್ತಿರದ ಕುರ್ಚಿಯ ಲೆಕ್ಕ ಮರೆತಿದ್ದೇವೆ.

ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2006ರ ನವೆಂಬರ್‌ನಲ್ಲಿ ಮುಗಿದ ಮೇಲೆ ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಆ ನಂತರದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್ 10ಕ್ಕೆ 198 ವಾರ್ಡುಗಳ ಸದಸ್ಯರು ಕೆಳಗಿಳಿದರು, ಆಡಳಿತಾಧಿಕಾರಿ ಬಂದರು. ಆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಚುನಾವಣೆ ನಡೆಸಿ ಎಂದಿತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ವಾರ್ಡುಗಳ ಸಂಖ್ಯೆ 243 ಆಯಿತು, 225 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ವ್ಯವಸ್ಥೆಯಡಿ ಐದು ಪಾಲಿಕೆಗಳಾದವು. ಅಷ್ಟರಲ್ಲಿ ಕಾರ್ಪೊರೇಟರ್ ಇಲ್ಲದೆಯೇ ಒಂದು ಪೂರ್ಣಾವಧಿ ಕಳೆದುಹೋಗಿತ್ತು.

ಮೋರಿ ಉಕ್ಕಿದಾಗ, ಬೀದಿ ದೀಪ ಕೆಟ್ಟಾಗ, ನೀರಿನ ಟ್ಯಾಂಕರಿಗೆ ದುಡ್ಡು ಸುರಿಯುವಾಗ ಸುಂಕದಕಟ್ಟೆಯ ಮನೆಯವರು ಯಾರ ಬಾಗಿಲು ತಟ್ಟಬೇಕಿತ್ತೋ ಆ ಜಾಗ ಖಾಲಿಯಾಗಿತ್ತು. ಅಧಿಕಾರಿಗಳು ಇದ್ದರು, ಕೆಲವರು ಚೆನ್ನಾಗಿಯೇ ಕೆಲಸ ಮಾಡಿದರು. ಆದರೆ ಕೆಲಸ ಮಾಡದವರನ್ನು ಮತ ಹಾಕಿ ಇಳಿಸುವ ಅಧಿಕಾರ ನಮ್ಮ ಕೈಯಲ್ಲಿರಲಿಲ್ಲ. ಸಂಸದೀಯ ಪದ್ಧತಿಯ ಜೀವಾಳವಾದ ದಿನದಿನದ ಪರೀಕ್ಷೆ ವಾರ್ಡಿನಲ್ಲಿ ನಿಂತೇ ಹೋಗಿತ್ತು.

ಇದು ಕರ್ನಾಟಕಕ್ಕೆ ಒಪ್ಪುವ ಮಾತಲ್ಲ. ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ ಪಂಚಾಯಿತಿ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ ದೇಶವೇ ಈ ಕಡೆ ನೋಡಿತ್ತು. ಆ ಬಳಿಕ 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳು ಸ್ಥಳೀಯ ಸಂಸ್ಥೆಗಳಿಗೂ ಐದು ವರ್ಷದ ಗಡುವು ಹಾಕಿದವು. 243-ಯು ವಿಧಿಯ ಪ್ರಕಾರ ನಗರಾಡಳಿತದ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಅವಧಿ ತೀರುವ ಮೊದಲೇ ವಿಸರ್ಜಿಸಿದರೆ ಆರು ತಿಂಗಳೊಳಗೆ ಚುನಾವಣೆ. ಲೋಕಸಭೆಗೂ ವಿಧಾನಸಭೆಗೂ ಕೊಟ್ಟ ಗೌರವವನ್ನೇ ಸಂವಿಧಾನ ವಾರ್ಡಿಗೂ ಕೊಟ್ಟಿದೆ.

ಲೋಕಸಭೆಯ ಚುನಾವಣೆ ಐದು ವರ್ಷ ತಡವಾದರೆ ದೇಶ ಸುಮ್ಮನಿರುವುದಿಲ್ಲ. ಸದನದ ಅವಧಿ ಹಿಗ್ಗಿಸಿದವರಿಗೆ 1977ರಲ್ಲಿ ಜನ ಕೊಟ್ಟ ಉತ್ತರ ಎಲ್ಲರಿಗೂ ನೆನಪಿದೆ. ವಾರ್ಡಿನ ವಿಷಯದಲ್ಲಿ ಮಾತ್ರ ನಾವು ಸುಮ್ಮನಿದ್ದೆವು. ಯಾವ ಪಕ್ಷದ ಸರ್ಕಾರವಿದ್ದರೂ ಮುಂದೂಡಿಕೆಗೆ ಒಂದಲ್ಲ ಒಂದು ಕಾರಣ ಸಿಕ್ಕಿತು.

ನಾಯಕರು ಹೆಚ್ಚು ಕಾಲ ಇರುವುದು ತಪ್ಪಲ್ಲ, ಬೇಗ ಹೋಗುವುದು ಸೋಲೂ ಅಲ್ಲ. ಅರಸು ಉಳಿದು ಕೆಲಸ ಮಾಡಿದರು, ದೇವೇಗೌಡರು 324 ದಿನದಲ್ಲೇ ಕೆಲಸ ಮಾಡಿದರು. ಪ್ರಜಾಪ್ರಭುತ್ವದ ಅಳತೆಗೋಲು ಬೇರೆಯೇ ಇದೆ: ಗಡುವು ಬಂದಾಗ ಮತ ಕೇಳಲು ನಮ್ಮ ಬಳಿ ಬಂದರೇ, ಬೇಡ ಎಂದರೆ ಇಳಿಸುವ ದಾರಿ ತೆರೆದಿತ್ತೇ? ಈ ಪ್ರಶ್ನೆಯನ್ನು ದೆಹಲಿಗೆ, ವಿಧಾನಸೌಧಕ್ಕೆ ಕೇಳುವಷ್ಟೇ ಗಟ್ಟಿಯಾಗಿ ನಮ್ಮ ವಾರ್ಡಿಗೂ ಕೇಳಬೇಕು. ಮುಂದಿನ ಬಾರಿ ಯಾರೇ ಮತ ಕೇಳಿ ಮಾಗಡಿ ರಸ್ತೆಗೆ ಬರಲಿ, ಪಾಲಿಕೆಯ ಚುನಾವಣೆ ಇನ್ನೆಂದೂ ಒಂದು ದಿನವೂ ತಡವಾಗದಂತೆ ನೋಡಿಕೊಳ್ಳುವ ಮಾತನ್ನು ಅವರಿಂದ ಮೊದಲು ಪಡೆಯೋಣ.